ಯಾರೂ ಮುಟ್ಟದ ಗೋಡೆ

ಒಂದು ಎಂಬ ಸಂಖ್ಯೆಗೆ ನಾನು ಈಗಲೂ ಹೆದರುತ್ತೇನೆ. ನೂರಕ್ಕಾಗಲಿ ಸಾವಿರಕ್ಕಾಗಲಿ ಹೆದರಿದವನಲ್ಲ. ಕಾಲೇಜಿನಲ್ಲಿ ಗಣಿತ ಓದಿದವನು ನಾನು. ಎಷ್ಟು ಉದ್ದದ ಲೆಕ್ಕ ಕೊಟ್ಟರೂ ಬಾಯಿ ಚಪ್ಪರಿಸಿಕೊಂಡು ಮಾಡುತ್ತಿದ್ದೆ. ಆದರೆ 'ಒಂದಕ್ಕಿಂತ ಕಡಿಮೆ ಇದೆ, ಚಿಂತೆಯಿಲ್ಲ' ಎಂದು ಯಾರಾದರೂ ಧೈರ್ಯವಾಗಿ ಹೇಳಿದರೆ ಸಾಕು, ನನ್ನ ಅಂಗೈ ಬೆವರುತ್ತದೆ. ಈ ಕಾಯಿಲೆ ನನಗೆ ಅಂಟಿದ್ದು ಶಿಕಾರಿಪುರದಲ್ಲಿ, ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದಲ್ಲಿ.

ಆಗ ನಾನು ಅಲ್ಲಿನ ಮಲೇರಿಯಾ ಕಚೇರಿಯಲ್ಲಿ ಅಂಕಿಅಂಶದ ಗುಮಾಸ್ತ. ಕಚೇರಿ ಎಂದರೆ ಪೇಟೆಯ ಹಿಂದಿನ ಒಂದು ಬಾಡಿಗೆ ಮನೆ. ಪಡಸಾಲೆಯಲ್ಲಿ ಡಿ.ಡಿ.ಟಿ. ಚೀಲಗಳು, ಗೋಡೆಗೆ ಒರಗಿಸಿಟ್ಟ ಹಿತ್ತಾಳೆಯ ಪಂಪುಗಳು. ಆ ವಾಸನೆ ನನ್ನ ಅಂಗಿಗೆ, ಊಟದ ಡಬ್ಬಿಗೆ, ಕೊನೆಗೆ ತಲೆದಿಂಬಿಗೂ ಹತ್ತಿತ್ತು. ಹಳ್ಳಿಹಳ್ಳಿಯಿಂದ ಬರುವ ರಕ್ತದ ಹನಿ ಸವರಿದ ಗಾಜುಗಳಲ್ಲಿ ಎಷ್ಟರಲ್ಲಿ ಚಳಿಜ್ವರದ ಕ್ರಿಮಿ ಸಿಕ್ಕಿತು ಎಂಬುದನ್ನು ಪಟ್ಟಿ ಮಾಡುವುದು ನನ್ನ ಕೆಲಸ. ಪೇಟೆಯವರು ನನ್ನನ್ನು ಸೊಳ್ಳೆ ಮೇಷ್ಟ್ರು ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಇಷ್ಟು ಓದಿ ಸೊಳ್ಳೆ ಎಣಿಸಲು ಬಂದೆನಲ್ಲ ಎಂಬ ಉರಿ ಅದಕ್ಕೂ ಮೊದಲೇ ಒಳಗಿತ್ತು, ಅವರು ಅದಕ್ಕೆ ಗಾಳಿ ಹಾಕುತ್ತಿದ್ದರು ಅಷ್ಟೆ.

ವರ್ಷಕ್ಕೆ ಎರಡು ಸುತ್ತು ನಮ್ಮ ತಂಡಗಳು ಹಳ್ಳಿಗಳಿಗೆ ಹೋಗಿ ಮನೆಯೊಳಗಿನ ಗೋಡೆಗಳಿಗೆ ಡಿ.ಡಿ.ಟಿ. ಹೊಡೆಯುತ್ತಿದ್ದವು. ಒಂದು ಸುತ್ತು ಭಾದ್ರಪದದಲ್ಲಿ, ಇನ್ನೊಂದು ಮಾಘದಲ್ಲಿ. ಎಲ್ಲ ಕಡೆ ಸ್ವಾಗತ ಸಿಗುತ್ತಿತ್ತು ಎಂದಲ್ಲ. ಈಸೂರಿನ ಸುತ್ತಮುತ್ತ ಸರ್ಕಾರದವರು ಮನೆಯೊಳಗೆ ಬರುತ್ತಾರೆ ಎಂದರೆ ಹಿರಿಯರ ಮುಖ ಇನ್ನೂ ಗಂಟಾಗುತ್ತಿತ್ತು. ನಲವತ್ತೆರಡರ ಚಳವಳಿಯಲ್ಲಿ ಪೊಲೀಸರಿಂದ ಅವರು ಕಂಡದ್ದನ್ನು ನೆನೆದರೆ ಅದು ತಪ್ಪೂ ಅಲ್ಲ. ಸೊರಬದ ಕಡೆ ಅಂಥ ಸಿಟ್ಟಿರಲಿಲ್ಲ. ಅಲ್ಲಿನ ಹೆಂಗಸರಿಗೆ ಇದ್ದದ್ದು ಒಂದೇ ದೂರು, ಗೋಡೆ ಗಲೀಜಾಗುತ್ತದೆ ಎಂದು. ನೀರಿನಲ್ಲಿ ಕದಡಿ ಹೊಡೆದ ಔಷಧ ಒಣಗಿದ ಮೇಲೆ ಕೆಂಪು ಗೋಡೆಯ ಮೇಲೆ ಬಿಳಿ ಗೆರೆಗಳು ಇಳಿದಿರುತ್ತಿದ್ದವು.

ಹಾಗೆ ದೂರುತ್ತಿದ್ದವರಲ್ಲಿ ನನ್ನ ತಂಗಿಯೂ ಒಬ್ಬಳು. ಆನವಟ್ಟಿಯಿಂದ ಗುಡವಿ ಕೆರೆಯ ದಿಕ್ಕಿಗೆ ಕೆಲವು ಮೈಲಿ ಹೋದರೆ ಅವಳನ್ನು ಕೊಟ್ಟ ಹಳ್ಳಿ. ಗಂಡ ಗದ್ದೆ ಮಾಡಿಕೊಂಡಿದ್ದ, ಮನೆಯಲ್ಲಿ ಅತ್ತೆ ಇದ್ದರು. ಅಪ್ಪ ಅಮ್ಮ ಬೇಗ ತೀರಿಕೊಂಡದ್ದರಿಂದ ಅವಳನ್ನು ಬೆಳೆಸಿದವನು ನಾನು ಎಂದು ನಾನು ಹೇಳಿಕೊಳ್ಳುತ್ತಿದ್ದೆ; ನನ್ನನ್ನು ಬೆಳೆಸಿದವಳು ತಾನು ಎಂದು ಅವಳು. ಅಕ್ಷರ ಕಲಿಸಿದ್ದು ಮಾತ್ರ ನಾನೇ, ಅದರಲ್ಲಿ ವಾದವಿಲ್ಲ. ಮದುವೆಯಾಗಿ ಆರು ವರ್ಷದ ಮೇಲೆ ಆ ವರ್ಷ ಅವಳು ಮೊದಲ ಸಲ ಬಸುರಿಯಾಗಿದ್ದಳು.

ಭೂಮಿ ಹುಣ್ಣಿಮೆಗೆ ಬಾ ಎಂದು ಹೇಳಿಕಳಿಸಿದ್ದಳು, ಹೋದೆ. ಆ ಹಬ್ಬ ಆ ಕಡೆಯವರಿಗೆ ಭೂಮಿತಾಯಿಯ ಸೀಮಂತ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಬಸುರಿಗೆ ಬಡಿಸುವ ಹಾಗೆ ಗದ್ದೆಗೂ ಬಗೆಬಗೆಯ ಅಡಿಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಬಡಿಸುತ್ತಾರೆ. ಅದಕ್ಕೆ ಮೊದಲು ಮನೆಯ ಗೋಡೆಗಳಿಗೆಲ್ಲ ಕೆಮ್ಮಣ್ಣು ಬಳಿಯಬೇಕು, ಬಳಿದ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯಬೇಕು. ನಾನು ಹೋದಾಗ ತಂಗಿ ಒಳಮನೆಯ ಗೋಡೆ ಮುಗಿಸಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ನಿಮ್ಮೋರು ಬಂದು ಗೋಡೆ ತುಂಬ ಮಕ್ಳು ಉಚ್ಚೆ ಹೊಯ್ದಂಗೆ ಮಾಡಿ ಹೋಗಿದ್ರು. ಈಗ ನೋಡು ಹೆಂಗದೆ" ಎಂದಳು.

ಚೆನ್ನಾಗಿದೆ ಎಂದೆ. ನಿಜಕ್ಕೂ ಚೆನ್ನಾಗಿತ್ತು. ಅಂಗೈಯಿಂದ ಗೋಡೆ ಸವರಿ ನೋಡಿದೆ. ಇನ್ನೂ ಹಸಿ ಇತ್ತು, ಕೈಯೆಲ್ಲ ಕೆಂಪಾಯಿತು. ಅವಳು ನಕ್ಕು, ಸೊಳ್ಳೆ ಎಣಿಸುವವನಿಗೆ ಹಸಿಗೋಡೆ ಮುಟ್ಟಬಾರದು ಎನ್ನುವಷ್ಟೂ ಬುದ್ಧಿಯಿಲ್ಲ ಎಂದು ಅತ್ತೆಗೆ ಕೇಳುವಂತೆ ಹೇಳಿದಳು. ನಾನು ಕೈ ತೊಳೆದುಕೊಂಡು ಕಡುಬು ತಿಂದು ಶಿಕಾರಿಪುರಕ್ಕೆ ಮರಳಿದೆ.

ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ನಮ್ಮ ಡಾಕ್ಟರು ನನ್ನನ್ನು ಕರೆದರು. ಅವರು ಕಚೇರಿಯ ಮುಖ್ಯಸ್ಥರು. ಮಾತು ಕಡಿಮೆ, ರುಜು ಮಾಡುವ ಮೊದಲು ಪ್ರತಿ ಕಾಗದವನ್ನೂ ಎರಡು ಸಲ ಓದುವ ಮನುಷ್ಯ. ಅವರ ಮೇಜಿನ ಮೇಲೆ ಪರದೇಶದಿಂದ ಬಂದ ಒಂದು ವೈದ್ಯಪತ್ರಿಕೆ ಇತ್ತು. ಅದರಲ್ಲಿ ಮಲೇರಿಯಾದ ಮೇಲೆ ಒಂದು ಉದ್ದನೆಯ ಲೇಖನ, ಪುಟಪುಟವೂ ಬೀಜಗಣಿತ.

"ಇದು ನನಗೆ ತಲೆಗೆ ಹತ್ತಲಿಲ್ಲ. ನಿಮಗೆ ಹತ್ತುತ್ತೇನೋ ನೋಡಿ" ಎಂದರು.

ನಾನು ಅದನ್ನು ಎದೆಗವಚಿಕೊಂಡು ಹೋದೆ ಎಂದರೆ ಸುಳ್ಳಲ್ಲ. ಎಷ್ಟೋ ದಿನದ ಮೇಲೆ ಯಾರೋ ನನ್ನನ್ನು ಗಣಿತದವನೆಂದು ಗುರುತಿಸಿದ್ದರು. ನಾಲ್ಕು ದಿನದಲ್ಲಿ ಅದು ಬಿಡಿಸಿಕೊಂಡಿತು. ಅದರ ಸಾರ ಇಷ್ಟೆ. ಊರಲ್ಲಿ ಒಬ್ಬನಿಗೆ ಜ್ವರ ಇದೆ ಎಂದಿಟ್ಟುಕೊಳ್ಳಿ. ಅವನನ್ನು ಎಷ್ಟು ಸೊಳ್ಳೆ ಕಚ್ಚುತ್ತವೆ, ಕಚ್ಚಿದವುಗಳಲ್ಲಿ ಎಷ್ಟು ಬದುಕಿ ಉಳಿದು ಇನ್ನೊಬ್ಬನನ್ನು ಕಚ್ಚುತ್ತವೆ, ಕೊನೆಗೆ ಅವನೊಬ್ಬನಿಂದ ಎಷ್ಟು ಹೊಸ ರೋಗಿಗಳಾಗುತ್ತಾರೆ? ಉತ್ತರ ಒಂದಕ್ಕಿಂತ ಹೆಚ್ಚು ಬಂದರೆ ಜ್ವರ ಹಬ್ಬುತ್ತದೆ. ಒಂದಕ್ಕಿಂತ ಕಡಿಮೆ ಬಂದರೆ ಇವತ್ತಲ್ಲ ನಾಳೆ ತಾನಾಗಿ ಆರಿಹೋಗುತ್ತದೆ. ಒಂದು ಎಂಬುದು ಹೊಸಿಲು.

ಇನ್ನೊಂದು ಮಾತೂ ಅದರಲ್ಲಿತ್ತು. ಕ್ರಿಮಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯಲು ಕೆಲವು ದಿನ ಬೇಕು. ಅಷ್ಟು ದಿನ ಸೊಳ್ಳೆ ಬದುಕಿರಬೇಕು. ರಕ್ತ ಕುಡಿದ ಸೊಳ್ಳೆ ಮೈ ಭಾರವಾಗಿ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಗೋಡೆಯಲ್ಲಿ ಔಷಧ ಇದ್ದರೆ ಕಾಲಿಗೆ ತಾಗಿ ದಿನ ತುಂಬುವ ಮೊದಲೇ ಸಾಯುತ್ತದೆ. ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ, ಅವುಗಳ ಆಯಸ್ಸು ಕಡಿಮೆ ಮಾಡಿದರೆ ಸಾಕು. ಇಡೀ ಲೆಕ್ಕ ನಿಂತದ್ದು ಆ ಗೋಡೆಯ ಮೇಲೆ.

ಇದನ್ನೆಲ್ಲ ಡಾಕ್ಟರಿಗೆ ವಿವರಿಸಿದಾಗ ಅವರು ನಿಜವಾದ ವಿಷಯ ಹೇಳಿದರು. ಮಾಘದ ಸುತ್ತಿಗೆ ಡಿ.ಡಿ.ಟಿ. ಸಾಲುವುದಿಲ್ಲ. ಯಾವ ಹಳ್ಳಿಗಳನ್ನು ಬಿಡಬಹುದು ಎಂದು ಮೇಲಿನವರು ಒಂದು ಮಾರ್ಗಸೂಚಿ ಮಾಡುತ್ತಿದ್ದಾರೆ, ನಮ್ಮ ಎರಡು ತಾಲ್ಲೂಕಿನ ಪಟ್ಟಿ ಕೇಳಿದ್ದಾರೆ.

"ಅಂದಾಜಿನ ಮೇಲೆ ನಾನು ರುಜು ಹಾಕೋದಿಲ್ಲ. ಹೋದ ವರ್ಷದ ಜ್ವರ ನೋಡಿ ಮುಂದಿನದನ್ನ ಹೇಳೋದು ಕುರುಡು ಕೆಲಸ. ಈ ಲೆಕ್ಕ ಹಾಕಿ ಕೊಡಿ. ಅದೇ ಆಧಾರ ಅಂತ ಬರೀತೀನಿ."

ಹಳ್ಳಿಹಳ್ಳಿಗೆ ಲೆಕ್ಕ ಹಾಕಿದೆ. ಕರಡು ಪ್ರತಿಯ ಮೊದಲ ಹಾಳೆಯ ನೆತ್ತಿಯಲ್ಲಿ 'ನಂಬಿಕೊಂಡದ್ದು' ಎಂದು ಬರೆದು ಕೆಳಗೆ ಮೂರು ಸಾಲು ಹಾಕಿದೆ. ಜನ ಮನೆಯ ಒಳಗೆ ಮಲಗುತ್ತಾರೆ. ಹೊರಗಿನಿಂದ ಜ್ವರದವರು ಬರುವುದಿಲ್ಲ. ಔಷಧ ಹೊಡೆದ ಗೋಡೆಯನ್ನು ಯಾರೂ ಮುಟ್ಟುವುದಿಲ್ಲ. ಮೂರನೆಯದು ಆ ಪರದೇಶದ ಲೇಖನದಲ್ಲೂ ಸಣ್ಣ ಅಕ್ಷರದಲ್ಲಿ ಅಡಿಯಲ್ಲಿತ್ತು. ಗೋಡೆಯನ್ನು ಯಾರು ಮುಟ್ಟುತ್ತಾರೆ ಎಂದುಕೊಂಡು ಬರೆದುಕೊಂಡೆ. ಅದನ್ನು ಬರೆದ ಕೈ ಮೂರು ತಿಂಗಳ ಹಿಂದೆ ಕೆಂಪಾಗಿದ್ದ ಅದೇ ಕೈ. ನನಗೆ ಒಂದಿಷ್ಟೂ ಹೊಳೆಯಲಿಲ್ಲ.

ಶುದ್ಧಪ್ರತಿ ಮಾಡುವಾಗ ಆ ಹಾಳೆಯನ್ನೇ ಬಿಟ್ಟೆ. ಅದನ್ನು ನೋಡಿದರೆ ಮೇಲಿನವರು, ಓಹೋ ಇದೆಲ್ಲ ನಂಬಿಕೆಯ ಮೇಲೆ ನಿಂತದ್ದೋ ಎಂದುಕೊಂಡಾರು ಎನ್ನಿಸಿತು. ನನ್ನ ಲೆಕ್ಕ ಮೈಕೈ ತೊಳೆದುಕೊಂಡು ಹೊಸ ಬಟ್ಟೆ ಉಟ್ಟು ಹೋಗಬೇಕಿತ್ತು. ಡಾಕ್ಟರು ಎರಡು ಸಲ ಓದಿ ಕೇಳಿದರು.

"ಇದರಲ್ಲಿ ಏನೇನು ನಂಬಿಕೊಂಡಿದೀರಿ?"

"ವಿಶೇಷ ಏನೂ ಇಲ್ಲ ಸಾರ್. ಎಲ್ಲ ಸಾಮಾನ್ಯ ವಿಷಯ."

ರುಜು ಬಿತ್ತು. ಸೊರಬ ತಾಲ್ಲೂಕಿನ ಒಂದು ಸಾಲು ಹಳ್ಳಿ ಒಂದಕ್ಕಿಂತ ಕೆಳಗೆ ಬಂದಿದ್ದವು. ಭಾದ್ರಪದದಲ್ಲಿ ಹೊಡೆದ ಔಷಧದ ಕಸುವು ಬೇಸಿಗೆಯವರೆಗೂ ಸಾಕು, ಮಾಘದ ಸುತ್ತು ಬೇಡ. ನನ್ನ ತಂಗಿಯ ಹಳ್ಳಿ ಕೂದಲೆಳೆಯಷ್ಟು ಕೆಳಗೆ ಬಂದಿತ್ತು. ನನಗೆ ಖುಷಿಯಾಯಿತು. ಈ ಸಲ ಅವಳ ಚಿತ್ತಾರದ ಮೇಲೆ ಯಾರೂ ಔಷಧ ಹೊಯ್ಯುವುದಿಲ್ಲ, ಅದು ಅಣ್ಣನ ಉಡುಗೊರೆ ಎಂದು ಒಂದು ಕಾರ್ಡು ಬರೆದು ಹಾಕಿದೆ.

ಮಾಘದ ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ತಂಡಗಳು ಹೊರಡುವ ಗಡಿಬಿಡಿ. ನಮ್ಮ ಪಂಪುಗಳನ್ನು ರಿಪೇರಿ ಮಾಡುತ್ತಿದ್ದವರು ಪೇಟೆಯ ಒಬ್ಬ ಸಾಹೇಬರು. ತಲೆತಲಾಂತರದಿಂದ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಮನೆ. ಪಂಪು ಕೆಟ್ಟರೆ ಅಲ್ಲೇ ಸರಿಮಾಡಲು ಅವರೂ ತಂಡದ ಜೊತೆ ಹಳ್ಳಿಗಳಿಗೆ ಹೋಗುತ್ತಿದ್ದರು. ಒಂದು ವಾಷರ್ ತಿಕ್ಕುತ್ತ ಕೂತಿದ್ದವರು ನನ್ನನ್ನು ಕಂಡು ಕೇಳಿದರು.

"ಸೊರಬದ ಕಡಿ ಆ ಹಳ್ಳಿ ಬಿಟ್ಟಾರಂತಲ್ರೀ ಈ ಸಲ?"

"ಲೆಕ್ಕ ಹಾಗೆ ಬಂತು. ಮೊನ್ನೆ ಭಾದ್ರಪದದಲ್ಲಿ ಹೊಡೆದದ್ದೇ ಇನ್ನೂ ಇದೆಯಲ್ಲ."

ಅವರ ಕೈ ನಿಂತಿತು. "ಎಲ್ಲೈತ್ರೀ?"

"ಗೋಡೆ ಮೇಲೆ."

"ಗೋಡಿ ಮ್ಯಾಲ ಕೆಮ್ಮಣ್ಣೈತ್ರಿ. ಹುಣ್ಣಿವಿಗೆ ಬಳೀತಾರ, ದೀಪಾವಳಿಗೆ ಮತ್ತ ಬಳೀತಾರ. ನಾವು ಹೊಡದಿದ್ದು ಅದರ ಅಡಿಗೆ ಹೋತು. ವರ್ಷಾ ಹಿಂಗ ಆಗೋದು."

ಮೊದಲೇ ಏಕೆ ಹೇಳಲಿಲ್ಲ ಎಂದು ಅವರ ಮೇಲೆ ಹರಿಹಾಯ್ದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

"ನನ್ನ ಕೇಳ್ದೋರು ಯಾರ್ರೀ? ನನ್ನ ಕೆಲಸ ಪಂಪು. ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ದೆ."

ನನಗೆ ಗೊತ್ತಿತ್ತು. ಅದೇ ನನ್ನನ್ನು ಕೊಂದದ್ದು. ಮುಟ್ಟಿ ನೋಡಿದ್ದೆ, ಚೆನ್ನಾಗಿದೆ ಎಂದಿದ್ದೆ. ಮೇಜಿನ ಮುಂದೆ ಕೂತು ಗೋಡೆಯ ಔಷಧ ಹುಣ್ಣಿಮೆಗೇ ಮುಗಿಯಿತು ಎಂದು ಹಿಡಿದು ಲೆಕ್ಕವನ್ನು ಮತ್ತೆ ಹಾಕಿದೆ. ಆ ಸಾಲಿನ ಹಳ್ಳಿಗಳೆಲ್ಲ ಒಂದನ್ನು ದಾಟಿದವು. ತಂಗಿಯ ಹಳ್ಳಿ ಎಲ್ಲಕ್ಕಿಂತ ಮುಂದಿತ್ತು. ಬಸುರಿಗೆ ಚಳಿಜ್ವರ ಬಂದರೆ ಏನಾಗುತ್ತದೆ ಎಂಬುದು ಆ ಕಚೇರಿಯಲ್ಲಿ ಕೆಲಸ ಮಾಡುವ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಕೆಲವು ಸಲ ತಾಯಿಯನ್ನು ತೆಗೆದುಕೊಳ್ಳುತ್ತದೆ, ಕೆಲವು ಸಲ ಮಗುವನ್ನು, ಕೆಲವು ಸಲ ಇಬ್ಬರನ್ನೂ. ಅವಳಿಗೆ ಆಗ ಆರು ತುಂಬಿ ಏಳರಲ್ಲಿತ್ತು.

ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದೆ. ಬಿಟ್ಟ ಹಾಳೆಯ ವಿಷಯವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬಳಿದದ್ದನ್ನ ಎಷ್ಟು ಮನೆಯಲ್ಲಿ ನೋಡಿದೀರಿ?"

"ಒಂದು ಮನೆ ಸಾರ್. ನನ್ನ ತಂಗಿದು."

"ಯಾವಾಗ?"

"ಭೂಮಿ ಹುಣ್ಣಿಮೆಗೆ."

ಅವರು ಬೆರಳು ಮಡಿಸಿ ತಿಂಗಳು ಎಣಿಸಿದರು. "ಅಂದರೆ ಈ ಕಾಗದ ಬರೆಯೋಕೆ ಮೊದಲು" ಎಂದರು. ಕಾಗದ ಮಡಿಸಿಟ್ಟು, "ಹೋಗಿ. ಮನೆಮನೆ ಗೋಡೆ ಕೆರೆದು ನೋಡಿ. ಚಳಿ ಬರೋರ ರಕ್ತ ತನ್ನಿ, ಮಾತ್ರೆ ಕೊಟ್ಟು ಬನ್ನಿ. ಒಂದು ಗೋಡೆ ತೋರಿಸಿ ನಾನು ಮಾರ್ಗಸೂಚಿ ತಿದ್ದಿ ಅಂತ ಬರೆಯೋಕಾಗಲ್ಲ" ಎಂದರು.

ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಗಾಜುಗಳ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಆನವಟ್ಟಿಯಲ್ಲಿ ಇಳಿದು ಒಂದು ಬಾಡಿಗೆ ಸೈಕಲ್ ಹಿಡಿದೆ. ಆ ದಾರಿಯಲ್ಲಿ ಹಿಂದೆಲ್ಲ ಗದ್ದೆಯ ಮೇಲೆ ಹಾರುವ ಗುಡವಿಯ ಹಕ್ಕಿಗಳನ್ನು ನೋಡುತ್ತ ಹೋಗುತ್ತಿದ್ದವನು ಅವತ್ತು ಮುಂದಿನ ಚಕ್ರವನ್ನು ಬಿಟ್ಟು ಬೇರೇನೂ ನೋಡಲಿಲ್ಲ.

ತಂಗಿಯ ಹಳ್ಳಿ ದಾರಿಯಲ್ಲಿ ಮೊದಲು ಸಿಗುತ್ತಿತ್ತು. ಆದರೆ ನಾನು ಅದನ್ನು ದಾಟಿ ಮುಂದಿನ ಹಳ್ಳಿಗೆ ಹೋದೆ. ಕೆಲಸದ ಅನುಕೂಲಕ್ಕೆ ಎಂದು ನನಗೇ ಹೇಳಿಕೊಂಡೆ. ಅದಲ್ಲ, ಹೆದರಿಕೆ. ಅವಳ ಹೊಸಿಲು ತುಳಿಯುವವರೆಗೆ ಅವಳು ಚೆನ್ನಾಗಿಯೇ ಇದ್ದಾಳೆ ಎಂದುಕೊಂಡಿರಬಹುದಲ್ಲ. ಮನೆಮನೆ ಹೊಕ್ಕು ಮೊಳೆಯಿಂದ ಗೋಡೆ ಕೆರೆದೆ. ಮೇಲೊಂದು ಪದರ ಕೆಂಪು, ಕೆಳಗೊಂದು ಪದರ ಕೆಂಪು, ಅದರ ಕೆಳಗೆ ಬಿಳಿ ಪುಡಿ. ಒಬ್ಬ ಮುದುಕಿ, ಬಳಿದ ಗೋಡೆ ಎಂತಕ್ಕೆ ಕೆರೀತೀಯ, ನಿಮ್ಮ ಮನೇಲಿ ಹೆಂಗಸರಿಲ್ಲನ ಎಂದು ಕೇಳಿದಳು. ಆಮೇಲೆ ಪಕ್ಕದ ಮನೆಯಲ್ಲಿ ಇಬ್ಬರಿಗೆ ದಿನ ಬಿಟ್ಟು ದಿನ ಚಳಿ ಬರುತ್ತದೆ ಎಂದು ತಾನೇ ತೋರಿಸಿದಳು. ಅವರ ರಕ್ತ ತೆಗೆದೆ. ಇನ್ನೂ ಎರಡು ಹಳ್ಳಿ ನೋಡಿದೆ. ಎಲ್ಲ ಕಡೆ ಅದೇ ಕೆಂಪು, ಅದರಡಿ ಅದೇ ಬಿಳಿ.

ತಂಗಿಯ ಮನೆಗೆ ಹೋದಾಗ ಮಧ್ಯಾಹ್ನ ತಿರುಗಿತ್ತು. ಹೊರಗೆ ಬಿಸಿಲು ಸುರಿಯುತ್ತಿತ್ತು. ಅವಳು ಒಲೆಯ ಮುಂದೆ ಕಂಬಳಿ ಹೊದ್ದು ಕೂತಿದ್ದಳು.

"ಎಂತ ಇಲ್ಲ, ಸ್ವಲ್ಪ ಚಳಿ. ನಾಳೆ ಇರಲ್ಲ, ನಾಡಿದ್ದು ಮತ್ತೆ ಬತ್ತದೆ. ಬಸುರಿಗೆ ಇದೆಲ್ಲ ಇದ್ದದ್ದೇ ಅಂತಾರೆ ಅತ್ತೆ" ಎಂದಳು. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಮಾತು ತುಂಡುತುಂಡಾಗಿ ಬಂತು.

ನಾಡಿದ್ದು ಬರುವ ಚಳಿ ಯಾವುದೆಂದು ನನಗೆ ಗೊತ್ತಿತ್ತು. ಬೆರಳು ಹಿಡಿದು ಸೂಜಿ ಚುಚ್ಚಿದೆ. "ಸೊಳ್ಳೆಗಿಂತ ನೀನೇ ಗಟ್ಟಿ ಕಚ್ತೀಯ" ಎಂದು ನಗಲು ನೋಡಿದಳು. ರಕ್ತವನ್ನು ಗಾಜಿನ ಮೇಲೆ ಸವರುವಾಗ ಅವಳ ಹಿಂದಿನ ಗೋಡೆಯಲ್ಲಿ ಚಿತ್ತಾರ ಕಾಣುತ್ತಿತ್ತು, ಒಂದು ಗೆರೆಯೂ ಕೆಟ್ಟಿರಲಿಲ್ಲ. ಮಾತ್ರೆ ನುಂಗಿಸಿ, ಉಳಿದದ್ದನ್ನು ಹೇಗೆ ಕೊಡಬೇಕೆಂದು ಅವಳ ಗಂಡನಿಗೆ ಹೇಳಿ, ಅವಳ ಮುಖ ನೋಡದೆ ಹೊರಟೆ.

ಡಾಕ್ಟರು ಸೂಕ್ಷ್ಮದರ್ಶಕದ ಮುಂದೆ ತಾವೇ ಕೂತರು. ಪ್ರತಿ ಗಾಜನ್ನೂ ಹಾಕಿ, ತಿರುಗಿಸಿ, ತೆಗೆದು, ಇದೆ ಎಂದೋ ಇಲ್ಲ ಎಂದೋ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಒಂದು ಗಾಜಿಗೆ ಬಹಳ ಹೊತ್ತು ಹಿಡಿಯಿತು. ಅದರ ಅಂಚಿನ ಚೀಟಿಯಲ್ಲಿ ನನ್ನದೇ ಅಕ್ಷರವಿತ್ತು. ಅವರು ತಲೆಯೆತ್ತದೆ, "ಇದೆ" ಎಂದರು. ಬರೆದುಕೊಂಡೆ. ಆಮೇಲೆ ಅವರೇ ಜೀಪು ತರಿಸಿ ನನ್ನನ್ನು ಕೂರಿಸಿಕೊಂಡು ಆ ಹಳ್ಳಿಗೆ ಹೊರಟರು.

ತಂಗಿ ಉಳಿದಳು. ಆಮೇಲಿನ ಇಪ್ಪತ್ತು ದಿನ ಅವಳು ಉಳಿಯುತ್ತಾಳೋ ಇಲ್ಲವೋ ಎಂದು ನಾನು ಪಟ್ಟ ಹೆದರಿಕೆಯನ್ನು ವಿವರಿಸಲು ಹೋಗುವುದಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಕಚೇರಿಯ ಹಿತ್ತಲಿಗೆ ಓಡಿಹೋಗುತ್ತಿದ್ದೆ ಎಂದರೆ ಸಾಕು. ಮಗು ಎಂಟನೆಯ ತಿಂಗಳಿಗೇ ಹುಟ್ಟಿತು. ಹೆಣ್ಣು. ಮೂರು ದಿನ ಇತ್ತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಚೇರಿಯ ಪಟ್ಟಿಯಲ್ಲಿ ಆ ಹಳ್ಳಿಯ ಎದುರು ಜ್ವರದವರ ಸಂಖ್ಯೆಯಲ್ಲಿ ನನ್ನ ತಂಗಿ ಸೇರಿದಳು. ಮಗುವಿಗೆ ಅಲ್ಲಿ ಕಾಲಮ್ಮೇ ಇರಲಿಲ್ಲ.

ಡಾಕ್ಟರ ಕಾಗದ ಮೇಲಿನವರಿಗೆ ಹೋಗಿ, ಬಿಟ್ಟ ಹಳ್ಳಿಗಳಿಗೆಲ್ಲ ತಂಡ ಹೋಯಿತು. ಮಾರ್ಗಸೂಚಿಗೆ ಒಂದು ತಿದ್ದುಪಡಿಯೂ ಬಂತು. ಅದನ್ನು ಹಳ್ಳಿಯವರಿಗೆ ತಿಳಿಯುವ ಕನ್ನಡದಲ್ಲಿ ಪ್ರಕಟಣೆ ಮಾಡಿ ಹಚ್ಚಬೇಕಿತ್ತು. ಬರೆದವನು ನಾನೇ. 'ಔಷಧ ಹೊಡೆದ ಗೋಡೆಗೆ ಮಣ್ಣು, ಸಗಣಿ, ಸುಣ್ಣ ಬಳಿಯಬಾರದು. ಬಳಿದ ಮನೆಗೆ ಜ್ವರ ಬರುತ್ತದೆ.' ಚುಟುಕಾಗಿ, ಖಡಕ್ಕಾಗಿ ಇರಲಿ ಎಂದು ಹಾಗೆ ಬರೆದೆ. ತಪ್ಪು ಸರಿಯಾಯಿತು ಎಂದು ಒಂದಿಷ್ಟು ಉಸಿರೂ ಬಿಟ್ಟೆ. ಚಾವಡಿಗಳಲ್ಲಿ, ಶಾಲೆಗಳಲ್ಲಿ ಅದನ್ನು ಅಂಟಿಸಿದರು.

ಮುಂದಿನ ವರ್ಷ ಭೂಮಿ ಹುಣ್ಣಿಮೆಗೆ ಅವಳು ಕರೆಯಲಿಲ್ಲ. ನಾನೇ ಹೋದೆ, ಹಬ್ಬದ ಹಿಂದಿನ ದಿನ. ಪ್ರಕಟಣೆಗೆ ಸೊಪ್ಪು ಹಾಕದ ಮನೆಗಳೆಲ್ಲ ಕೆಂಪಾಗಿ ಹೊಳೆಯುತ್ತಿದ್ದವು. ತಂಗಿಯ ಮನೆಯ ಗೋಡೆ ಮಾತ್ರ ಬೂದಿಬಣ್ಣಕ್ಕೆ ತಿರುಗಿತ್ತು. ಒಲೆಯ ಹೊಗೆ, ಮಾಘದಲ್ಲಿ ತಡವಾಗಿ ಹೊಡೆದ ಬಿಳಿ ಗೆರೆ, ಅದರ ಮೇಲೆ ಮೊನ್ನೆ ಭಾದ್ರಪದದ ಗೆರೆ. ಮೂಲೆಯಲ್ಲಿ ಹೋದ ವರ್ಷದ ಚಿತ್ತಾರದ ತುಂಡು ಉಳಿದಿತ್ತು. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು.

"ಯಾಕೆ ಬಳಿದಿಲ್ಲ?" ಎಂದೆ, ಗೊತ್ತಿಲ್ಲದವನಂತೆ.

ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ಬಳಿದ ಮನೆಗೆ ಜ್ವರ ಬರುತ್ತದೆ" ಎಂದಳು. ಪ್ರಕಟಣೆಯ ಮಾತು, ಅಕ್ಷರಕ್ಕೆ ಅಕ್ಷರ. "ಚಾವಡೀಲಿ ಹಚ್ಚಿದಾರೆ, ಓದಿದೆ. ನಾನೇ ಬಳಿದದ್ದಲ್ಲನ ಅಣ್ಣ? ಈ ಕೈಯಲ್ಲೇ. ಚೆಂದ ಕಾಣ್ಲಿ ಅಂತ."

ಹೆದರಿಕೆಯಲ್ಲೂ ಹಲವು ಬಗೆ ಇದೆ. ಅವಳು ಸತ್ತಾಳು ಎಂಬ ಹೆದರಿಕೆಯನ್ನು ಕಂಡಿದ್ದೆ. ಇದು ಬೇರೆ. ಆರು ತಿಂಗಳಿಂದ ಇವಳು ತನ್ನ ಮಗುವನ್ನು ತಾನೇ ಕೊಂದೆ ಎಂದು ಕೂತಿದ್ದಾಳೆ, ಹಾಗೆಂದು ಅವಳಿಗೆ ಬರೆದು ತಿಳಿಸಿದವನು ನಾನು, ಅದನ್ನು ಓದಲು ಕಲಿಸಿದವನೂ ನಾನು. ಸುಮ್ಮನಿದ್ದರೆ ನಾನು ಒಳ್ಳೆಯ ಅಣ್ಣನಾಗಿಯೇ ಉಳಿಯಬಹುದಿತ್ತು. ಹೇಳಿದರೆ ನನಗೆ ಉಳಿದ ಒಂದೇ ಮನೆ ಹೋಗಬಹುದು. ಅವಳ ಮೊರದ ಎದುರು ನೆಲದ ಮೇಲೆ ಕೂತೆ.

ಹೇಳಿದೆ. ಪರದೇಶದ ಕಾಗದ, ಒಂದು ಎಂಬ ಹೊಸಿಲು, ಅವಳ ಹಳ್ಳಿ ಕೂದಲೆಳೆಯಷ್ಟು ಕೆಳಗೆ ಬಂದದ್ದು, ಮೂರನೆಯ ಸಾಲು, ಬಿಟ್ಟ ಹಾಳೆ. ಹಸಿಗೋಡೆ ಮುಟ್ಟಿದ್ದೂ. "ನೀವು ಈ ಊರಿನ ಹೆಂಗಸರು ಅಜ್ಜಿಯರ ಕಾಲದಿಂದ ಮಾಡಿದ್ದನ್ನೇ ಮಾಡಿದಿರಿ. ಬಳಿಯುತ್ತೀರಿ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕಾದವನು ನಾನು. ಹಿಡಿಯದೆ, ಮಾಘದಲ್ಲಿ ಬರಬೇಕಾದವರನ್ನೂ ನಾನೇ ತಪ್ಪಿಸಿದೆ. ಜ್ವರ ತಂದವನು ನಾನು, ನೀನಲ್ಲ" ಎಂದೆ.

ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ಒಳಗೆ ಹೋದಳು. ಇನ್ನು ಹೊರಗೆ ಬರುವುದಿಲ್ಲ, ಹೋಗು ಎಂದು ಗಂಡನ ಕೈಲಿ ಹೇಳಿಸುತ್ತಾಳೆ ಎಂದುಕೊಂಡೆ. ಅವಳು ಬಂದಳು. ಕೈಯಲ್ಲಿ ಬಕೀಟು, ಅದರಲ್ಲಿ ಕಲಸಿದ ಕೆಮ್ಮಣ್ಣು. ನನ್ನ ಮುಂದಿಟ್ಟಳು.

"ಹಂಗಾದ್ರೆ ನೀನೇ ಬಳಿ" ಎಂದಳು.

ಬಳಿದೆ. ಮೊನ್ನೆಮೊನ್ನೆ ನಮ್ಮ ತಂಡ ಹೊಡೆದುಹೋದ ಔಷಧವನ್ನು ನನ್ನ ಕೈಯಿಂದಲೇ ಮಣ್ಣಿನಡಿ ಮುಚ್ಚುತ್ತ ಹೋದೆ. ಪ್ರತಿ ಬಳಿತಕ್ಕೂ ತಲೆಯಲ್ಲಿ ಆ ಸಂಖ್ಯೆ ಏರುತ್ತಿತ್ತು. ಬಳಿಯುವ ಕೈ ಅಲ್ಲಲ್ಲಿ ನಿಲ್ಲುವುದನ್ನು ಅವಳು ನೋಡಿದಳು.

"ಹೆದರ್ತಿದೀಯನ?"

"ಹೌದು."

"ಹಂಗಾದ್ರೆ ಹೋಗಿ ನಿಮ್ಮೋರನ್ನ ಕರ್ಕಂಡು ಬಾ. ಬಳಿಬ್ಯಾಡ ಅಂತ ಬರೀಬ್ಯಾಡ. ಬಳಿದ ಮೇಲೆ ಬನ್ನಿ."

ಹಬ್ಬಕ್ಕೂ ನಿಲ್ಲದೆ ಹೊರಟೆ. ಇಷ್ಟು ಸರಳವಾದದ್ದು ಅಷ್ಟು ಬೀಜಗಣಿತ ಬಲ್ಲ ನನಗೆ ಹೊಳೆದಿರಲಿಲ್ಲ. ಸುತ್ತನ್ನು ಭಾದ್ರಪದದಿಂದ ದೀಪಾವಳಿಯ ಆಚೆಗೆ ಸರಿಸಿ ಲೆಕ್ಕ ಹಾಕಿ ಡಾಕ್ಟರ ಮುಂದಿಟ್ಟೆ. ಈ ಸಲ 'ನಂಬಿಕೊಂಡದ್ದು' ಎಂಬ ಹಾಳೆ ಎಲ್ಲಕ್ಕಿಂತ ಮೇಲಿತ್ತು. ಅದರ ಮೂರನೆಯ ಸಾಲು: ಗೋಡೆಗಳನ್ನು ಹುಣ್ಣಿಮೆಗೂ ದೀಪಾವಳಿಗೂ ಬಳಿಯುತ್ತಾರೆ. ಉಗುರಿನ ಸಂದಿಯ ಮಣ್ಣು ಪೂರ್ತಿ ಹೋಗಿರಲಿಲ್ಲ, ಹಾಳೆಯ ಅಂಚಿನಲ್ಲಿ ಕೆಂಪಾಗಿ ಹೆಬ್ಬೆರಳು ಮೂಡಿತ್ತು. ಬೇರೆ ಪ್ರತಿ ಮಾಡುತ್ತೇನೆ ಸಾರ್ ಎಂದೆ. ಅವರು ಎರಡು ಸಲ ಓದಿ ರುಜು ಹಾಕಿ, "ಬೇಡ. ಇದೇ ಹೋಗಲಿ" ಎಂದರು.

ದೀಪಾವಳಿ ಕಳೆದ ವಾರ ತಂಡದ ಜೊತೆ ನಾನೂ ಹೋದೆ. ತಂಗಿಯ ಮನೆಯ ಒಳಗೋಡೆಗೆ ಪಂಪು ಹಿಡಿದವರು ಕಲಾಯಿ ಸಾಹೇಬರೇ. ಗೋಡೆಯ ತುಂಬ ಅವಳು ಹೊಸ ಚಿತ್ತಾರ ಬರೆದಿದ್ದಳು. "ತಂಗೆವ್ವಾ, ಹೊಡೀಲೇನು?" ಎಂದು ಅವರು ಕೇಳಿದರು. ಅವಳು ಹೂಂ ಎಂದಳು. ಬಿಳಿ ನೀರು ಚಿತ್ತಾರದ ಮೇಲೆ ಇಳಿಯತೊಡಗಿತು. ನನಗೆ ಅವಳ ಮುಖ ನೋಡಲು ಧೈರ್ಯವಾಗದೆ ಗೋಡೆಯನ್ನೇ ನೋಡುತ್ತ, ಇನ್ನು ಹೆದರಿಕೆ ಇಲ್ಲ ಬಿಡು ಎಂದೆ.

"ಹಂಗನ್ಬ್ಯಾಡ ಅಣ್ಣ" ಎಂದಳು ಅವಳು. "ನೀನು ಹೆದರ್ತಾನೇ ಇರು. ಹೆದರ್ದೇ ಇದ್ದಾಗಲೇ ನೀನು ಗೋಡೆ ಯಾರೂ ಮುಟ್ಟಲ್ಲ ಅಂತ ಬರೆದಿದ್ದು."